ಐರ್ಲೆಂಡ್: ಹೆಸರು ಉಳಿಯಿತು, ಆಚರಣೆ ಕುಗ್ಗಿತು

ಕಥೋಲಿಕ ನಾಡೆಂದೇ ಹೆಸರಾದ ಐರ್ಲೆಂಡಿನಲ್ಲಿ 1961ರ ಜನಗಣತಿಯಂತೆ ಶೇ. 94.9 ಮಂದಿ ಕಥೋಲಿಕರು. 2016ರಲ್ಲಿ ಅವರ ಪ್ರಮಾಣ ಶೇ. 78ಕ್ಕೆ, 2022ರಲ್ಲಿ ಶೇ. 69ಕ್ಕೆ ಇಳಿಯಿತು. 'ಯಾವ ಧರ್ಮವೂ ಇಲ್ಲ' ಎಂದು ಬರೆಸಿದವರು 7 ಲಕ್ಷಕ್ಕೂ ಹೆಚ್ಚು. 2022ರಲ್ಲಿ ಪ್ರಶ್ನೆಯ ರೂಪವೂ ಬದಲಾಗಿತ್ತೆಂಬುದನ್ನು ಗಮನಿಸಬೇಕು.

ಆಚರಣೆ ಇದಕ್ಕಿಂತ ಬೇಗ ಕುಸಿಯಿತು. 1970ರ ದಶಕದ ಆರಂಭದಲ್ಲಿ ಹತ್ತರಲ್ಲಿ ಒಂಬತ್ತು ಕಥೋಲಿಕರು ಪ್ರತಿವಾರ ಬಲಿಪೂಜೆಗೆ ಹೋಗುತ್ತಿದ್ದರು. ಇಂದು ಅರ್ಧದಷ್ಟೂ ಇಲ್ಲ. ಡಬ್ಲಿನ್ ಮಹಾಧರ್ಮಪ್ರಾಂತದ ಕ್ಲಾನ್‌ಲಿಫ್ ಸೆಮಿನರಿ 2000ರಲ್ಲಿ ಮುಚ್ಚಿತು.

ಶಿಕ್ಷಣ, ನಗರ ಜೀವನ, ಸಿರಿತನ ಇದಕ್ಕೆ ಕಾರಣವೆನ್ನುವುದು ಸುಲಭ. ಆದರೆ ನಮ್ಮದೇ ತಪ್ಪನ್ನೂ ಹೇಳಬೇಕು. ಧರ್ಮಸಭೆಯ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯವನ್ನು 2009ರ ರಯಾನ್ ವರದಿ, ಡಬ್ಲಿನ್ನಿನಲ್ಲಿ ಅಂಥ ದೂರುಗಳನ್ನು ಮುಚ್ಚಿಟ್ಟದ್ದನ್ನು ಅದೇ ವರ್ಷದ ಮರ್ಫಿ ವರದಿ ಬಯಲಿಗೆ ತಂದವು. ಮುರಿದ ನಂಬಿಕೆ ಸುಲಭವಾಗಿ ಕೂಡಲಿಲ್ಲ.

ಇತ್ತ ಕೇರಳದಿಂದ ಹೋದ ದಾದಿಯರ ಕುಟುಂಬಗಳು ಅಲ್ಲಿ ಸಿರೋ ಮಲಬಾರ್ ಸಮುದಾಯಗಳನ್ನು ಕಟ್ಟಿವೆ.

ನಾವು ಕಲಿಯಬೇಕಾದುದಿಷ್ಟು: ದೀಕ್ಷಾಸ್ನಾನದ ದಾಖಲೆ ಪುಸ್ತಕ ವಿಶ್ವಾಸದ ಅಳತೆಗೋಲಲ್ಲ. ನಮ್ಮ ಧರ್ಮಕೇಂದ್ರಗಳ ಕುಟುಂಬಪಟ್ಟಿ ತುಂಬಿರುವಾಗಲೇ ಭಾನುವಾರ ಯಾರು ಬರುತ್ತಿಲ್ಲ, ಏಕೆ ಬರುತ್ತಿಲ್ಲ ಎಂದು ಮನೆಗೆ ಹೋಗಿ ಕೇಳೋಣ.