ಗುಳೆ ಮತ್ತು ಬದುಕಿನ ಮಟ್ಟ: ಹಿರೇಕೆರೂರು ಸೀಮೆ

ಹಾವೇರಿ ಜಿಲ್ಲೆಯ ಹಿರೇಕೆರೂರು, ಹಾನಗಲ್ಲ, ಶಿಗ್ಗಾಂವಿ, ಸವಣೂರು ತಾಲ್ಲೂಕುಗಳಲ್ಲಿ ದುಡಿಮೆಗಾಗಿ ಊರು ಬಿಡುವುದಕ್ಕೆ ಗುಳೆ ಎನ್ನುತ್ತಾರೆ. ಗುಳೆ ಹೆಚ್ಚಿದ್ದಲ್ಲಿ ಬದುಕು ಕೀಳು, ಕಡಿಮೆಯಿದ್ದಲ್ಲಿ ಹಸನು ಎಂಬ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ. ಯಾರು ಹೋದರು, ಎಷ್ಟು ತಿಂಗಳಿಗೆ ಹೋದರು ಎಂಬುದನ್ನು ನೋಡಬೇಕು. ಬ್ರಿಟಿಷರ ಕಾಲದಲ್ಲಿ ಹಿರೇಕೆರೂರು ಧಾರವಾಡ ಜಿಲ್ಲೆಯ ಕೋಡ ತಾಲ್ಲೂಕಿನ ಮುಖ್ಯ ಊರಾಗಿತ್ತು. 1876–78ರ ಬರದ ಬಳಿಕ, 1881ರ ಗಣತಿಯ ಹೊತ್ತಿಗೆ ಆ ಜಿಲ್ಲೆಯ ಜನಸಂಖ್ಯೆ 1872ಕ್ಕಿಂತ ಕುಗ್ಗಿತ್ತು. ಸತ್ತವರೆಷ್ಟು, ಗುಳೆ ಹೋದವರೆಷ್ಟು ಎಂಬುದನ್ನು ಆ ಅಂಕಿ ಬಿಡಿಸಿ ಹೇಳದು. ಗಣತಿಯು ಹಿಂದಿನ ವಾಸಸ್ಥಳವನ್ನು ಕೇಳತೊಡಗಿದ್ದು 1971ರಲ್ಲಿ, ವಲಸೆಯ ಕಾರಣವನ್ನು ಕೇಳಿದ್ದು 1981ರಲ್ಲಿ. ಸುಗ್ಗಿ ಮುಗಿಸಿ ಹೋಗಿ ಮುಂಗಾರಿಗೆ ಮರಳುವವರು ಇಂದಿಗೂ ಬಹುಮಟ್ಟಿಗೆ ಅದರ ಕಣ್ಣಿಗೆ ಬೀಳುವುದಿಲ್ಲ.

ಓದಿದ ಮಕ್ಕಳು ಬೆಂಗಳೂರಿಗೆ ಹೋಗಿ ಅಲ್ಲೇ ನೆಲೆಯೂರಿದರೆ ಅದು ದಾಖಲಾಗುತ್ತದೆ. ಲಂಬಾಣಿ ತಾಂಡಾದ ಕುಟುಂಬ ಮಲೆನಾಡಿನ ಕಾಫಿ ತೋಟಕ್ಕೋ ಗೋವಾದ ಕಟ್ಟಡ ಕೆಲಸಕ್ಕೋ ಹೋಗಿಬಂದರೆ ದಾಖಲಾಗುವುದು ಕಷ್ಟ. ಮೊದಲನೆಯದು ಆಯ್ಕೆ, ಎರಡನೆಯದು ಬಹಳ ಸಲ ಅನಿವಾರ್ಯ. ಇವೆರಡನ್ನೂ ಒಂದೇ ಕಂಬಕ್ಕೆ ಕಟ್ಟಿದರೆ ತಾಲ್ಲೂಕಿನ ಬದುಕು ಅರ್ಥವಾಗದು. ಊರು ಬಿಟ್ಟವರ ಸುಳಿವು ಜನಸಂಖ್ಯೆಯ ಬೆಳವಣಿಗೆಯಲ್ಲೂ ಸಿಗುತ್ತದೆ: 2001–2011ರಲ್ಲಿ ಹಾವೇರಿ ಜಿಲ್ಲೆಯ ಜನಸಂಖ್ಯೆ ಸುಮಾರು ಶೇ. 11ರಷ್ಟು, ರಾಜ್ಯದ್ದು ಶೇ. 15.6ರಷ್ಟು, ಬೆಂಗಳೂರು ನಗರ ಜಿಲ್ಲೆಯದು ಶೇ. 47ರಷ್ಟು ಬೆಳೆಯಿತು. ಈ ಅಂತರಕ್ಕೆ ಜನನ ಪ್ರಮಾಣದ ಇಳಿಕೆಯೂ ಕಾರಣವೆಂಬ ಆಕ್ಷೇಪ ಸರಿಯಾದದ್ದೇ. ಆದರೆ ಬೆಂಗಳೂರಿನ ಆ ಏರಿಕೆ ಹೊರಗಿನಿಂದ ಬಂದವರಿಲ್ಲದೆ ಆಗುವಂಥದ್ದಲ್ಲ.

ನೀರು ಬಂದರೆ ಗುಳೆ ನಿಲ್ಲುತ್ತದೆ ಎಂಬುದು ಇನ್ನೊಂದು ವಾದ. ಕುಮುದ್ವತಿ ನದಿಗೆ ಕಟ್ಟಿದ ಮಾಸೂರಿನ ಮದಗದ ಕೆರೆ, ಹಾನಗಲ್ಲಿನ ಕೆರೆಗಳು, ತುಂಗಾ ಮೇಲ್ದಂಡೆ ಕಾಲುವೆ ಇವೆಲ್ಲ ಹೊಲವುಳ್ಳವರನ್ನು ಊರಲ್ಲಿ ನಿಲ್ಲಿಸಬಲ್ಲವು. ಹೊಲವಿಲ್ಲದವರನ್ನು ನಿಲ್ಲಿಸುವುದು ಕೂಲಿಯ ದಿನಗಳು. ಹತ್ತಿ ಬೀಜೋತ್ಪಾದನೆಯ ಕ್ರಾಸಿಂಗ್ (ಕೈಯಿಂದ ಪರಾಗಸ್ಪರ್ಶ ಮಾಡಿಸುವ) ಕೆಲಸದಲ್ಲಿ ಒಂದೊಂದು ಹೂವಿಗೂ ಕೈ ಬೇಕು, ವಾರಗಟ್ಟಲೆ ಕೂಲಿ ಸಿಗುತ್ತದೆ. ಹತ್ತಿಯ ಜಾಗಕ್ಕೆ ಬಂದ ಗೋವಿನಜೋಳಕ್ಕೆ ಅಷ್ಟು ಕೈ ಬೇಡ. ಹೀಗಾಗಿ ಬೆಳೆ ಚೆನ್ನಾಗಿ ಬಂದ ವರ್ಷವೂ ಕೂಲಿಯವರ ಮನೆಗೆ ಬೀಗ ಬೀಳಬಹುದು.

ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 59 ಉತ್ತರದವು, 55 ದಕ್ಷಿಣದವು. ಜಿಲ್ಲೆಯ ಸರಾಸರಿಯನ್ನು ಬಿಟ್ಟು ತಾಲ್ಲೂಕಿಗೆ ಇಳಿದದ್ದು ಅದರ ದೊಡ್ಡ ಕೊಡುಗೆ. ಅಲ್ಲಿಂದ ತಾಂಡಾ, ಕೇರಿಗಳಿಗೆ ಇನ್ನೊಂದು ಮೆಟ್ಟಿಲು ಇಳಿಯಬೇಕಿದೆ. ವರ್ಷಕ್ಕೆ 100 ದಿನಗಳ ಕೂಲಿಯ ಖಾತರಿ ಹಾವೇರಿ ಜಿಲ್ಲೆಗೆ ಬಂದದ್ದು 2008ರ ಏಪ್ರಿಲ್‌ನಲ್ಲಿ. ಅದರ ಫಲವನ್ನು ಅಳೆಯಲಾದರೂ ಸುಗ್ಗಿಯ ನಂತರದ ತಿಂಗಳುಗಳಲ್ಲಿ ಪ್ರತಿ ತಾಂಡಾ, ಪ್ರತಿ ಕೇರಿಯ ಬೀಗ ಹಾಕಿದ ಮನೆಗಳನ್ನು ಗ್ರಾಮ ಪಂಚಾಯ್ತಿಗಳು ಎಣಿಸಿ ಇಡಬೇಕು.