ಪಾನನಿರೋಧ ಕಾಲ: ಕುಂದಾಪುರ, ಬೈಂದೂರು, ಬ್ರಹ್ಮಾವರ

ಈಗಿನ ಉಡುಪಿ ಜಿಲ್ಲೆಯ ಉತ್ತರ ಭಾಗದಲ್ಲಿ, ಸ್ವಾತಂತ್ರ್ಯ ಬಂದ ಆಸುಪಾಸಿನಿಂದ 1967ರವರೆಗೆ, ಶೇಂದಿ ಇಳಿಸುವುದೂ ಸಾರಾಯಿ ಮಾರುವುದೂ ಕುಡಿಯುವುದೂ ಅಪರಾಧವಾಗಿದ್ದ ಕಾಲ. ಆಗ ಬೈಂದೂರು ಕುಂದಾಪುರ ತಾಲೂಕಿನಲ್ಲಿತ್ತು, ಬ್ರಹ್ಮಾವರ ಉಡುಪಿ ತಾಲೂಕಿನಲ್ಲಿತ್ತು. ಇಡೀ ಸೀಮೆ 1956ರವರೆಗೆ ಮದ್ರಾಸ್ ಆಡಳಿತದಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು.

ಕಾಯ್ದೆಯ ಪಯಣ ಆರಂಭವಾದದ್ದು ಇಲ್ಲಿಂದ ದೂರದ ಸೇಲಂನಲ್ಲಿ. ಮದ್ರಾಸ್ ಪ್ರಾಂತ್ಯದ ರಾಜಾಜಿ ಅವರ ಸರ್ಕಾರ 1937ರ ಮದ್ರಾಸ್ ಪಾನನಿರೋಧ ಕಾಯ್ದೆಯನ್ನು ಅದೇ ವರ್ಷದ ಅಕ್ಟೋಬರ್ 1ರಂದು ಆ ಜಿಲ್ಲೆಯಲ್ಲಿ ಮೊದಲು ಜಾರಿಗೆ ತಂದಿತು. ಅಬಕಾರಿ ಆದಾಯದ ನಷ್ಟ ತುಂಬಲು 1939ರಲ್ಲಿ ಮಾರಾಟ ತೆರಿಗೆ ಬಂತು. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾಯ್ದೆಗೆ ತಡೆ ಬಿತ್ತು. ಯುದ್ಧ ಮುಗಿದ ಮೇಲೆ ಹಂತಹಂತವಾಗಿ ಹಬ್ಬಿ 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಪ್ರಾಂತ್ಯವನ್ನು ಆವರಿಸಿತು. ಕರಾವಳಿಗೆ ಈ ವಿಚಾರ ಹೊಸದಾಗಿರಲಿಲ್ಲ. ಕಾರ್ನಾಡ್ ಸದಾಶಿವ ರಾಯರ ಕಾಲದ ಕಾಂಗ್ರೆಸ್ ಕಾರ್ಯಕರ್ತರು ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ಮಾಡಿದ್ದರು. ಕೋಟದ ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ಯ ನಾಯಕನಿಗೆ ದುಡಿಯ ಜತೆಗೆ ಹೆಂಡವೂ ಬಿಡದ ನಂಟು. ಇತ್ತ ಬಿಲ್ಲವರಲ್ಲಿ ನಾರಾಯಣ ಗುರುಗಳ ಪ್ರಭಾವವಿತ್ತು; ಹೆಂಡ ಇಳಿಸಬೇಡಿ, ಮಾರಬೇಡಿ, ಕುಡಿಯಬೇಡಿ ಎಂಬುದೇ ಗುರುಗಳ ಬೋಧನೆ. ಆದರೆ ಇಳಿಸುವುದೇ ಕುಲಕಸುಬಾಗಿದ್ದ ಮನೆಗಳಿಗೆ ಆ ಮಾತನ್ನು ಪಾಲಿಸುವುದು ಸುಲಭವಿರಲಿಲ್ಲ.

ಕಾಯ್ದೆಯ ಏಟು ಮೊದಲು ಬಿದ್ದದ್ದು ಮರದ ಮೇಲೆ. ಮೂರ್ತೆ ಎಂದು ಹೆಸರಾದ ಈ ಕಸುಬಿನಲ್ಲಿ ತೆಂಗು, ತಾಳೆ, ಬೈನೆ ಮರಗಳ ಹೊಂಬಾಳೆಯನ್ನು ಬಿಗಿದು ಕಟ್ಟಿ, ಎಲುಬಿನ ತುಂಡಿನಿಂದ ಹದವಾಗಿ ತಟ್ಟಿ, ತುದಿಯನ್ನು ದಿನವೂ ತೆಳ್ಳಗೆ ಕೊಯ್ದು ಗಡಿಗೆ ಕಟ್ಟುತ್ತಾರೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮರ ಹತ್ತಲೇಬೇಕು. ಒಂದೆರಡು ದಿನ ಬಿಟ್ಟರೆ ಹೊಂಬಾಳೆ ಒಣಗಿ ಶ್ರಮವೆಲ್ಲ ವ್ಯರ್ಥ. ಹೀಗೆ ಹಗಲು ಬೆಳಕಿನಲ್ಲಿ, ಊರೆಲ್ಲ ನೋಡುವಂತೆ ನಡೆಯುವ ಕೆಲಸವನ್ನು ಬಚ್ಚಿಡುವ ಮಾತೇ ಇಲ್ಲ. ಗಡಂಗು, ಅಂದರೆ ಹೆಂಡದಂಗಡಿ, ಮುಚ್ಚಿದ ಮೇಲೆ ಕಸುಬಿನವರಿಗೆ ಉಳಿದ ಕಾನೂನುಬದ್ಧ ದಾರಿ ಬೆಲ್ಲ. ಗಡಿಗೆಯ ಒಳಮೈಗೆ ಸುಣ್ಣ ಬಳಿದರೆ ರಸ ಹುಳಿಯುವುದಿಲ್ಲ; ಆ ಸಿಹಿ ರಸವನ್ನು ಪರವಾನಗಿ ಪಡೆದು ಇಳಿಸಬಹುದಿತ್ತು, ಕುದಿಸಿ ಓಲೆಬೆಲ್ಲ ಮಾಡಬಹುದಿತ್ತು. ಬೆಲ್ಲಕ್ಕೂ ಕೇಸಿಗೂ ನಡುವೆ ಇದ್ದದ್ದು ಒಂದು ತೆಳು ಸುಣ್ಣದ ಪದರ. ಸುಣ್ಣ ಸಾಲದಾದರೆ ಗಡಿಗೆಯಲ್ಲೇ ಅಪರಾಧ ಹುದುಗುತ್ತಿತ್ತು!

ಶೇಂದಿ ಬರಿಯ ಅಮಲಿನ ಪದಾರ್ಥವೂ ಆಗಿರಲಿಲ್ಲ. ಕ್ರೈಸ್ತರ ಮನೆಗಳಲ್ಲಿ ಹಬ್ಬದ ತಿಂಡಿಯಾದ ಸಣ್ಣಾಕ್ಕೆ ಹಿಟ್ಟು ಉಬ್ಬಿಸಲು ಶೇಂದಿಯೇ ಬೇಕಿತ್ತು. ಕೆಲವು ದೈವಗಳಿಗೆ, ಮುಖ್ಯವಾಗಿ ಕೊರಗಜ್ಜನಿಗೆ, ಕಳ್ಳು ಒಪ್ಪಿಸುವ ರೂಢಿ ಇತ್ತು. ಗದ್ದೆ ಕೆಲಸದವರಿಗೆ ಸಂಜೆಯ ದಣಿವಾರಿಸಲು, ಕೋಳಿಪಡೆಯ ದಿನ ಗೆದ್ದವನಿಗೂ ಸೋತವನಿಗೂ ಅದೇ. ಚರ್ಚಿನ ಪೂಜೆಯ ದ್ರಾಕ್ಷಾರಸಕ್ಕೆ ಕಾನೂನಿನಲ್ಲಿ ಅವಕಾಶವಿತ್ತು. ಅರ್ಜಿ ಹಾಕಿ ಪರ್ಮಿಟ್ ಪಡೆಯುವಷ್ಟು ಓದು, ಪ್ರಭಾವ ಇದ್ದವರಿಗೂ ದಾರಿ ಇತ್ತು. ದೈವದ ಕಳ್ಳಿಗೂ ಅಡುಗೆಮನೆಯ ಹುದುಗಿಗೂ ಅಂಥ ಕಾಗದ ಸಿಗುವುದು ಕಷ್ಟವಿತ್ತು.

ಹುದುಗಿದ ಶೇಂದಿಯಲ್ಲಿ ಮದ್ಯಸಾರ ಸುಮಾರು ಶೇಕಡ 4ರಿಂದ 6. ಮರುದಿನಕ್ಕೆ ಹುಳಿಯಾಗಿ, ಮುಂದೆ ವಿನೆಗರ್ ಆಗುವ ಪಾನೀಯ ಅದು. ಬಹಳ ಹೊತ್ತು ಇಡುವಂತಿಲ್ಲ, ದೂರ ಸಾಗಿಸುವಂತಿಲ್ಲ. ಕಳ್ಳಭಟ್ಟಿಯ ಸಾರಾಯಿ ಹಾಗಲ್ಲ. ಕಡಿಮೆ ಜಾಗದಲ್ಲಿ ಹೆಚ್ಚು ಅಮಲು, ಕೆಡುವ ಭಯವಿಲ್ಲ, ಸೈಕಲ್ ಟ್ಯೂಬಿನಲ್ಲೂ ಸಾಗುತ್ತದೆ. ನಿಷೇಧವಿದ್ದ ಕಡೆಯಲ್ಲೆಲ್ಲ ಜನ ಹಗುರ ಪಾನೀಯದಿಂದ ಖಾರದ್ದಕ್ಕೆ ಜಾರಿದ್ದು ಇದೇ ಲೆಕ್ಕಾಚಾರದಿಂದ. 1920ರಿಂದ 1933ರವರೆಗಿನ ಅಮೆರಿಕದಲ್ಲೂ ಬಿಯರಿನ ಜಾಗಕ್ಕೆ ವಿಸ್ಕಿ, ಜಿನ್ ಬಂದಿದ್ದವು.

ಕರಾವಳಿಯ ಭಟ್ಟಿಗೆ ಸರಕು ಕೈಗೆಟಕುವಂತಿತ್ತು: ಬೇಸಗೆಯಲ್ಲಿ ಗುಡ್ಡದ ತುಂಬ ಉದುರುವ ಗೇರುಹಣ್ಣು, ಉಳಿದ ತಿಂಗಳುಗಳಲ್ಲಿ ಬೆಲ್ಲ. ಬೆಲ್ಲದ ನೀರನ್ನು ಮರದ ತೊಗಟೆಯ ಜತೆ ಕೊಳೆಹಾಕಿ ಮಣ್ಣಿನಲ್ಲಿ ಹೂತಿಡುತ್ತಿದ್ದರು. ಬೇಗ ಹುದುಗಲೆಂದು, ಖಾರ ಹೆಚ್ಚಲೆಂದು ನವಸಾಗರ ಸೇರಿಸುವವರೂ ಇದ್ದರು. ಕುಡಿದವರ ಹೊಟ್ಟೆ ಕೆಟ್ಟದ್ದು ಇಂಥದರಿಂದ. ನೆಲದ ಸ್ವರೂಪವೂ ಅನುಕೂಲವೇ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಹೊಳೆಗಳು ಗಂಗೊಳ್ಳಿಯ ಬಳಿ ಒಂದಾಗಿ ಸಮುದ್ರ ಸೇರುವ ಈ ಸೀಮೆಯಲ್ಲಿ ನಡುಹೊಳೆಯ ಕುದ್ರುಗಳಿವೆ, ಕಾಂಡ್ಲ ಬೆಳೆದ ಹಿನ್ನೀರಿದೆ, ಪೂರ್ವಕ್ಕೆ ಘಟ್ಟದ ಕಾಡಿದೆ. ಸೇತುವೆ ವಿರಳವಾಗಿದ್ದ ಆ ದಿನಗಳಲ್ಲಿ ಪೊಲೀಸರೂ ದೋಣಿ ಕಾಯಬೇಕಿತ್ತು. ಭಟ್ಟಿಯೂ ಸಿಗದ ಪೇಟೆಯ ಕುಡುಕರು ಶುಂಠಿ ಟಿಂಚರು, ಫ್ರೆಂಚ್ ಪಾಲಿಶ್‌ಗೆ ಇಳಿದದ್ದು ಮದ್ರಾಸ್ ಪ್ರಾಂತ್ಯದುದ್ದಕ್ಕೂ ಕಂಡ ಪಿಡುಗು.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ, ಕಾಸರಗೋಡು ಕೇರಳಕ್ಕೆ ಹೋದವು. ಹೊಸ ಮೈಸೂರಿನಲ್ಲಿ ವಿಚಿತ್ರ ಸ್ಥಿತಿ: ಮದ್ರಾಸ್, ಮುಂಬಯಿ ಕಡೆಯಿಂದ ಬಂದ ಜಿಲ್ಲೆಗಳಲ್ಲಿ ನಿಷೇಧ, ಹೈದರಾಬಾದಿನಿಂದ ಬಂದವುಗಳಲ್ಲಿ ಇಲ್ಲ. ಶಿರೂರು ದಾಟಿ ಭಟ್ಕಳಕ್ಕೆ ಹೋದರೂ ಒಣ ನಾಡೇ; ಒದ್ದೆ ನೆಲ ಬೇಕೆಂದರೆ ಕಾರವಾರದಾಚೆಗಿನ ಗೋವಾ, 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರದು. ರಾಜ್ಯದೊಳಗಿನ ಈ ಬೇರೆಬೇರೆ ಕಾನೂನುಗಳನ್ನು ಒಂದು ಸೂರಿನಡಿ ತರಲು 1961ರ ಮೈಸೂರು ಪಾನನಿರೋಧ ಕಾಯ್ದೆ ರೂಪುಗೊಂಡಿತು. ಕೇಂದ್ರ ನೇಮಿಸಿದ ನ್ಯಾಯಮೂರ್ತಿ ಟೇಕ್‌ಚಂದ್ ಅಧ್ಯಯನ ತಂಡ 1964ರಲ್ಲಿ ಕಳ್ಳಭಟ್ಟಿಯ ವ್ಯಾಪ್ತಿಯನ್ನು ದೇಶದ ಮುಂದಿಟ್ಟಿತು. ತಂಡ ನಿಷೇಧದ ಪರವಾಗಿಯೇ ಇತ್ತು. ರಾಜ್ಯಗಳ ಬೊಕ್ಕಸ ಮಾತ್ರ ಬೇರೆ ದಿಕ್ಕಿಗೆ ಎಳೆಯಿತು. ನಿಜಲಿಂಗಪ್ಪ ಸರ್ಕಾರ 1967ರಲ್ಲಿ ನಿಷೇಧ ತೆಗೆಯಿತು, 1965ರ ಅಬಕಾರಿ ಕಾಯ್ದೆ ಅದರ ಜಾಗಕ್ಕೆ ಬಂತು. ಅದೇ ವರ್ಷ ಕೇರಳವೂ ಕೈಬಿಟ್ಟಿತು.

ಈ ಸೀಮೆಯಿಂದ ಹೋಟೆಲ್ ಕೆಲಸಕ್ಕೆ ಮುಂಬಯಿಗೆ ಹೋದವರಿಗೆ ಅಲ್ಲಿಯೂ ನಿಷೇಧವೇ ಎದುರಾಗಿತ್ತು. ಅಲ್ಲಿನ ಕಾನೂನು ಸಡಿಲವಾಗುತ್ತ ಬಂದಾಗ ಹುಟ್ಟಿದ ಪರ್ಮಿಟ್ ರೂಮುಗಳನ್ನು ನಡೆಸಿದವರಲ್ಲಿ ಕರಾವಳಿಯ ಶೆಟ್ಟರು, ಪೂಜಾರಿಗಳು ಬಹಳ ಮಂದಿ. ಊರಿನ ಮರದ ಶೇಂದಿ ನಿಲ್ಲಿಸಿದ ಕಾಯ್ದೆಯ ಜಾತಿಯದೇ ಕಾಯ್ದೆ ಪರವೂರಿನಲ್ಲಿ ಅವರಿಗೆ ವ್ಯಾಪಾರ ಒದಗಿಸಿತು ಎಂಬುದು ಗಮನಿಸಬೇಕಾದ ಸಂಗತಿ.

1967ರ ಬಳಿಕ ಮೂರ್ತೆದಾರರು ಮತ್ತೆ ಮರ ಹತ್ತಿದರು. ಅವರ ಸಹಕಾರ ಸಂಘಗಳು ಕರಾವಳಿಯಲ್ಲಿ ಬೆಳೆದವು. 2004ರಲ್ಲಿ ಕರ್ನಾಟಕ ಶೇಂದಿಯನ್ನು ನಿಷೇಧಿಸಿದಾಗ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಿಗೆ ವಿನಾಯಿತಿ ಸಿಕ್ಕಿತು. ಪ್ಯಾಕೆಟ್ ಸಾರಾಯಿಗೆ ಮುಂದೆ ಅಂಥ ವಿನಾಯಿತಿ ಸಿಗಲಿಲ್ಲ. 2007ರ ಜುಲೈ 1ರಿಂದ ಅದು ರಾಜ್ಯದಾದ್ಯಂತ ನಿಂತಿತು.