ಮಿಷನ್ ಕಟ್ಟಡಗಳ ಚಿತ್ರಗಳು: ಚರಿತ್ರೆಯ ಆಧಾರವಾಗಿ ಅವುಗಳ ಬೆಲೆ

ಕ್ರಿ.ಶ. 1893ರಲ್ಲಿ ಷಿಕಾಗೋ ನಗರದಲ್ಲಿ ನಡೆದ ವಿಶ್ವಪ್ರದರ್ಶನದಲ್ಲಿ ಹೆನ್ರಿ ಚಾಪ್‌ಮನ್ ಫೋರ್ಡ್ ಎಂಬ ಚಿತ್ರಕಾರನ ಎಚಿಂಗ್‌ಗಳನ್ನು, ಎಂದರೆ ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ಅಚ್ಚೊತ್ತಿದ ಚಿತ್ರಗಳನ್ನು, ಇರಿಸಲಾಗಿತ್ತು. ಅವುಗಳ ವಸ್ತು ಕ್ಯಾಲಿಫೋರ್ನಿಯಾದ ಹಳೆಯ ಮಿಷನ್ ಕಟ್ಟಡಗಳು. ಅಲ್ಲಿಯೇ ಕ್ಯಾಲಿಫೋರ್ನಿಯಾ ರಾಜ್ಯವು ತನಗಾಗಿ ಕಟ್ಟಿಸಿಕೊಂಡಿದ್ದ ಭವನವೂ ಮಿಷನ್‌ಗಳ ಮಾದರಿಯದೇ ಆಗಿದ್ದಿತು. ಅರುವತ್ತು ವರ್ಷಗಳ ಹಿಂದೆ ಸರ್ಕಾರವೇ ಶಾಸನ ಮಾಡಿ ಒಡೆದ ಸಂಸ್ಥೆಗಳು ಒಂದು ನಾಡಿನ ಹೆಮ್ಮೆಯ ಗುರುತಾದುದು ಹೇಗೆ?

ಸ್ಪೇನಿನ ಫ್ರಾನ್ಸಿಸ್ಕನ್ ಸಂನ್ಯಾಸಿಗಳು 1769ರಲ್ಲಿ ಸಾನ್ ಡಿಯೇಗೋದಲ್ಲಿ ಮೊದಲನೆಯ ಮಿಷನ್ನನ್ನು ಸ್ಥಾಪಿಸಿದರು. ಕಡೆಯದಾದ 21ನೆಯದು 1823ರಲ್ಲಿ ಸೊನೋಮದಲ್ಲಿ ಎದ್ದಿತು. ಆ ವೇಳೆಗೆ ನಾಡು ಮೆಕ್ಸಿಕೋದ ವಶವಾಗಿದ್ದಿತು. ಮಿಷನ್ ಎಂದರೆ ಇಗರ್ಜಿಯೊಂದೇ ಅಲ್ಲ. ಹೊಲ, ದನಗಳ ಹಿಂಡು, ನೇಯ್ಗೆಮನೆ, ಚರ್ಮ ಹದಮಾಡುವ ತೊಟ್ಟಿ, ದುಡಿಯುವ ಮೂಲನಿವಾಸಿಗಳ ವಸತಿಸಾಲು ಇವೆಲ್ಲವೂ ಅದಕ್ಕೆ ಸೇರಿದವು. 1833ರ ಮೆಕ್ಸಿಕೋ ಶಾಸನವು ಇವನ್ನು ಸಂನ್ಯಾಸಿಗಳ ಕೈಯಿಂದ ತಪ್ಪಿಸಿತು. ಭೂಮಿಯ ಬಹುಭಾಗ ಮಾತ್ರ ಮೂಲನಿವಾಸಿಗಳಿಗೆ ದಕ್ಕದೆ ಖಾಸಗಿ ಜಮೀನುದಾರರ ಪಾಲಾಯಿತು. ಗೋಡೆಗಳು ಬಹುಮಟ್ಟಿಗೆ ಹಸಿ ಇಟ್ಟಿಗೆಯವು; ಹೆಂಚು ಹೋದ ಮಣ್ಣುಗೋಡೆ ಎಷ್ಟು ಮಳೆಗಾಲ ತಾಳೀತೆಂಬುದನ್ನು ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಫೋರ್ಡನು ಹಿಂದೆ ಷಿಕಾಗೋದಲ್ಲಿಯೇ ನೆಲಸಿದ್ದವನು. 1875ರಲ್ಲಿ ಸಾಂತಾ ಬಾರ್ಬರಾಕ್ಕೆ ಬಂದು, ಕುದುರೆಗಾಡಿಯಲ್ಲಿ ಮಿಷನ್ನಿಂದ ಮಿಷನ್ನಿಗೆ ಸಂಚರಿಸಿ, 1883ರಲ್ಲಿ 24 ಎಚಿಂಗ್‌ಗಳನ್ನು ಪ್ರಕಟಿಸಿದನು. ಅವನ ಸಮಕಾಲೀನನೂ ಇಂಗ್ಲೆಂಡಿನಲ್ಲಿ ಹುಟ್ಟಿದವನೂ ಆದ ಎಡ್ವಿನ್ ಡೀಕಿನ್ನನು 21 ಮಿಷನ್‌ಗಳನ್ನೂ ತೈಲವರ್ಣದಲ್ಲಿ ಬರೆದನು. ಮುಂದೆ ಬಿದ್ದುಹೋದ ಅಥವಾ ರೂಪ ಬದಲಿಸಿದ ಭಾಗಗಳಿಗೆ ಇಂತಹ ಚಿತ್ರಗಳು ಬೆಲೆಯುಳ್ಳ ಸಾಕ್ಷ್ಯ. 1895ರಲ್ಲಿ ಚಾರ್ಲ್ಸ್ ಲಮ್ಮಿಸ್‌ನ ಮುಂದಾಳುತನದಲ್ಲಿ ಸ್ಥಾಪಿತವಾದ ಸಂಘವು ದುರಸ್ತಿಗೆ ಕೈಹಾಕಿದ್ದಕ್ಕೆ ಬೇಕಾದ ಅಭಿರುಚಿಯನ್ನು ಬೆಳೆಸಿದುದರಲ್ಲಿ ಚಿತ್ರಕಾರರ ಪಾಲೂ ಉಂಟು.

ಆದರೆ ಅವು 1880ರ ಸುಮಾರಿನ ಪಾಳನ್ನು ತೋರಿಸುತ್ತವೆಯೇ ಹೊರತು 1800ರ ಜೀವನವನ್ನಲ್ಲ. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಸಾನ್ ಹ್ವಾನ್ ಕಪಿಸ್ತ್ರಾನೋದ ಕಲ್ಲಿನ ಇಗರ್ಜಿಯನ್ನು ನೋಡಿರಿ. 1797ರಲ್ಲಿ ಆರಂಭವಾದ ಆ ಕಟ್ಟಡ ಮೂಲನಿವಾಸಿಗಳ ದುಡಿಮೆಯಿಂದ 1806ರಲ್ಲಿ ಮುಗಿಯಿತು. 1812ರ ಡಿಸೆಂಬರ್ 8ರಂದು, ಪೂಜೆಯ ಹೊತ್ತಿನಲ್ಲಿ, ಭೂಕಂಪದಿಂದ ಕುಸಿಯಿತು. ಸುಮಾರು 40 ಮಂದಿ ಮೂಲನಿವಾಸಿಗಳು ಅದರಡಿಯಲ್ಲಿ ಸತ್ತರು. ಚಿತ್ರಕಾರರ ಪಾಲಿಗೆ ಅದೇ ಅತ್ಯಂತ ರಮ್ಯವಾದ ಪಾಳು! ಸಾಂತಾ ಇನೆಸ್, ಲಾ ಪುರಿಸೀಮ, ಸಾಂತಾ ಬಾರ್ಬರಾ ಮಿಷನ್‌ಗಳಲ್ಲಿ 1824ರಲ್ಲಿ ಚೂಮಾಷ್ ಜನರು ದಂಗೆಯೆದ್ದುದು ಕೂಡ ಇಂತಹ ಗೋಡೆಗಳ ನಡುವೆಯೇ. ಶಾಂತವಾದ ಕಮಾನುಗಳನ್ನು ನೋಡಿ ಅದನ್ನು ಊಹಿಸುವುದು ಸಾಧ್ಯವಿಲ್ಲ.

ಆದುದರಿಂದ ಚಿತ್ರದ ಪಕ್ಕದಲ್ಲಿ ಮಿಷನ್ನಿನ ದಫ್ತರವನ್ನು ಇರಿಸಿಕೊಳ್ಳಬೇಕು. ಸಂನ್ಯಾಸಿಗಳು ಜ್ಞಾನಸ್ನಾನ, ವಿವಾಹ, ಸಮಾಧಿಗಳನ್ನು ಒಂದೊಂದಾಗಿ ಬರೆದಿಟ್ಟಿದ್ದರು. ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಗ್ರಂಥಾಲಯವು 1769ರಿಂದ 1850ರವರೆಗಿನ ಈ ದಾಖಲೆಗಳನ್ನು ಕ್ರೋಡೀಕರಿಸಿ 2006ರಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು. ಅದರಲ್ಲಿ 1 ಲಕ್ಷಕ್ಕೂ ಹೆಚ್ಚು ಜ್ಞಾನಸ್ನಾನಗಳೂ ಸುಮಾರು 71,000 ಸಮಾಧಿಗಳೂ ನಮೂದಾಗಿವೆ. ಸ್ಪ್ಯಾನಿಷ್ ಹೆಸರಿನ ಜೊತೆಗೆ ಅನೇಕ ಕಡೆ ಆ ವ್ಯಕ್ತಿಯು ಬಿಟ್ಟುಬಂದ ಹಳ್ಳಿಯ ಹೆಸರೂ ಇದೆ.